ವಂಶಮೂಲ ಡಿಎನ್‌ಎ ಪರೀಕ್ಷೆ: ಸೋಂಕುರೋಗಗಳ ಭಾಗ ಎಷ್ಟು ನಂಬಲರ್ಹ?

ಎಂಜಲಿನ ಮಾದರಿಯನ್ನು ಕೊರಿಯರ್‌ನಲ್ಲಿ ಕಳುಹಿಸಿ ಪಡೆಯುವ ಈ ವಂಶಮೂಲ ವರದಿಯಲ್ಲಿ ಮಲೇರಿಯಾದ ಪುಟಗಳೇ ಉತ್ತಮವಾಗಿವೆ. ಪಶ್ಚಿಮ ಆಫ್ರಿಕಾದ ಬಹುತೇಕರ ಕೆಂಪು ರಕ್ತಕಣಗಳ ಮೇಲೆ ಡಫಿ ಪ್ರೋಟೀನ್ ಇಲ್ಲದಿರುವುದರಿಂದ ವೈವ್ಯಾಕ್ಸ್ ಎಂಬ ಮಲೇರಿಯಾ ಪರಾವಲಂಬಿಗೆ ಆ ಕಣಗಳ ಒಳಹೊಗುವುದು ಕಷ್ಟವೆಂಬುದನ್ನೂ, ಸಿಕಲ್ ಸೆಲ್ (ಕುಡುಗೋಲು ಕಣ) ರಕ್ತಕಾಯಿಲೆಯ ಜೀನಿನ ಒಂದೇ ಪ್ರತಿ ಇರುವವರಿಗೆ ಫಾಲ್ಸಿಪಾರಂ ಎಂಬ ಮತ್ತೊಂದು ಪರಾವಲಂಬಿ ತರುವ ತೀವ್ರ ಮಲೇರಿಯಾದಿಂದ ಸಾಕಷ್ಟು ರಕ್ಷಣೆ ದೊರೆಯುವುದನ್ನೂ ಅಲ್ಲಿ ಸ್ಪಷ್ಟವಾಗಿ ವಿವರಿಸಲಾಗಿದೆ.

ಕೋವಿಡ್ ಪುಟ ಮಾತ್ರ ನಿರಾಶಾದಾಯಕ. ತೀವ್ರ ಕೋವಿಡ್‌ಗೆ ಸಂಬಂಧಿಸಿದ, ನಿಯಾಂಡರ್ತಲರೆಂಬ ಅಳಿದುಹೋದ ಪ್ರಾಚೀನ ಮಾನವರಿಂದ ಬಂದ 3ನೇ ಕ್ರೋಮೋಸೋಮಿನ ತುಣುಕು ದಕ್ಷಿಣ ಏಷ್ಯಾದ ಸುಮಾರು ಅರ್ಧದಷ್ಟು ಜನರಲ್ಲಿದೆ ಎಂದು 2020ರ ಅಧ್ಯಯನವೊಂದು ತೋರಿಸಿತ್ತು. ಆ ತುಣುಕು ಗ್ರಾಹಕರಲ್ಲಿ ನಿಜವಾಗಿಯೂ ಇದೆಯೇ ಎಂದು ಹೇಳದೆ, ವಯಸ್ಸು, ಮಧುಮೇಹ, ಲಸಿಕೆಗಳನ್ನೂ ಗಣಿಸದೆ, ಕೇವಲ ‘ದಕ್ಷಿಣ ಏಷ್ಯಾ ಮೂಲ’ವೆಂಬ ಕಾರಣಕ್ಕೆ ‘ಹೆಚ್ಚಿನ ಅಪಾಯ’ ಎಂದು ಮುದ್ರಿಸಿರುವುದು (ಅದೂ ಕೆಂಪು ಅಕ್ಷರಗಳಲ್ಲಿ!) ಬೇಜವಾಬ್ದಾರಿಯೇ ಸರಿ. ಮಲೇರಿಯಾ ಔಷಧವಾದ ಪ್ರೈಮಾಕ್ವಿನ್ ಮಾತ್ರೆ ಸೇವಿಸುವ ಮುನ್ನ ತಿಳಿದಿರಬೇಕಾದ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆಯ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇಲ್ಲ.