ಶಾರ್ಜಾದ ತಮ್ಮ, ಊರಿನ ಅಮ್ಮ, ನಡುವೆ ನಾನು: ಕೊನೆಗೆ ಯಾವ ಆ್ಯಪ್ ಉಳಿಯಿತು?

ಮೊದಲೇ ಹೇಳಿಬಿಡುತ್ತೇನೆ. ಆರು ತಿಂಗಳು ಆ್ಯಪ್ ಹಾಕಿ ತೆಗೆದು ಹಾಕಿ ತೆಗೆದು ಮಾಡಿದ ಮೇಲೂ ನನ್ನ ಓಟು ವಾಟ್ಸಾಪ್‌ಗೇ. ಅದೂ ಅದರ ಕಾಲ್‌ಗಲ್ಲ. ಮೈಕ್ ಗುರುತನ್ನು ಒತ್ತಿ ಹಿಡಿದು ಮಾತಾಡಿ ಕಳಿಸುತ್ತೇವಲ್ಲ, ಆ ವಾಯ್ಸ್ ಮೆಸೇಜ್‌ಗೆ. ಇಷ್ಟು ತಿಳಿದುಕೊಳ್ಳೋಕೆ ನನಗೆ 999 ರೂಪಾಯಿ ಖರ್ಚಾಯಿತು.

ನಮ್ಮದು ಮೂರು ಮೂಲೆಯ ಸಂಸಾರ. ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಅಮ್ಮ ಕುಂದಾಪುರದ ಹತ್ತಿರ ಊರಲ್ಲಿ, ತಮ್ಮ ಶಾರ್ಜಾದಲ್ಲಿ. ತಮ್ಮ ಅಲ್ಲಿಗೆ ಹೋದ ಮೊದಲ ರಾತ್ರಿ ಅಮ್ಮ ವಾಟ್ಸಾಪ್‌ನಲ್ಲಿ ಕಾಲ್ ಮಾಡಿದಳು. ರಿಂಗ್ ಆಯಿತು. ಅವನು ಎತ್ತಿದ. ಆಮೇಲೆ ಬರೀ ‘ಕನೆಕ್ಟಿಂಗ್’. ಮತ್ತೆ ಮಾಡಿದಳು, ಮತ್ತೆ ಅದೇ. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್: “ಮಗ ಫೋನ್ ಎತ್ತುತ್ತಾನೆ, ಮಾತೇ ಆಡುವುದಿಲ್ಲ. ಎಂತ ಸಿಟ್ಟು ಅವನಿಗೆ?”

ಸಿಟ್ಟೂ ಇಲ್ಲ ಸೆಡವೂ ಇಲ್ಲ. ಅಲ್ಲಿನ ರೂಲೇ ಹಾಗೆ. ಶಾರ್ಜಾ ಇರುವ ಯುಎಇಯಲ್ಲಿ ಸರ್ಕಾರದ ಅನುಮತಿ ಇರುವ ಆ್ಯಪ್‌ಗಳಲ್ಲಿ ಮಾತ್ರ ಇಂಟರ್ನೆಟ್ ಕಾಲ್ ಮಾಡಬಹುದು. ವಾಟ್ಸಾಪ್ ಕಾಲ್, ಫೇಸ್‌ಟೈಮ್ ಎರಡೂ ಆ ಪಟ್ಟಿಯಲ್ಲಿಲ್ಲ. ಮೆಸೇಜು, ಫೋಟೋ, ವಾಯ್ಸ್ ಮೆಸೇಜ್ ಮಾತ್ರ ಆರಾಮಾಗಿ ಹೋಗುತ್ತವೆ. ಇದು ಗಲ್ಫ್‌ನಲ್ಲಿ ಮಕ್ಕಳಿರುವ ಊರಿನ ಮುಕ್ಕಾಲು ಮನೆಗಳಿಗೆ ಗೊತ್ತು. ನಮ್ಮ ಮನೆಯಿಂದ ಹೋದವನು ಇವನೇ ಮೊದಲು, ಹಾಗಾಗಿ ನಮಗೆ ಗೊತ್ತಿರಲಿಲ್ಲ.

ಆಫೀಸಿನ ಹುಡುಗನೊಬ್ಬ “ವಿಪಿಎನ್ ಹಾಕ್ಕೊಳ್ಳೋಕೆ ಹೇಳಿ, ಎಲ್ಲಾ ಓಡುತ್ತೆ” ಅಂದ. ನಾವಿರುವ ದೇಶ ಮರೆಮಾಡಿ ಬೇರೆ ಕಡೆಯಿಂದ ನೆಟ್ ಬಳಸಿದ ಹಾಗೆ ತೋರಿಸುವ ಆ್ಯಪ್ ಅದು, ಓಡಬಹುದು. ಆದರೆ ಅಲ್ಲಿ ಅಪರಾಧ ಮಾಡಲು ವಿಪಿಎನ್ ಬಳಸಿ ಸಿಕ್ಕಿಬಿದ್ದರೆ ದಂಡ ಶುರುವಾಗುವುದೇ 5 ಲಕ್ಷ ದಿರ್ಹಮ್‌ನಿಂದ. ಅಮ್ಮನ ಜೊತೆ “ಊಟ ಆಯ್ತಾ” ಅಂತ ಕೇಳೋಕೆ ಇಷ್ಟು ರಿಸ್ಕ್ ಯಾರಿಗೆ ಬೇಕು?

ಆಗ ನನ್ನ ಕಣ್ಣಿಗೆ ಬಿದ್ದದ್ದು ಒಂದು ಅಗ್ಗದ ಐಎಸ್‌ಡಿ ಆ್ಯಪ್. ಹೆಸರು ಬೇಡ. ನಾವು ಇಲ್ಲಿಂದ ಇಂಟರ್ನೆಟ್‌ನಲ್ಲಿ ಕಾಲ್ ಮಾಡಬೇಕು, ಅದು ಅವನ ಸಾದಾ ನಂಬರಿಗೇ ಹೋಗಿ ಮುಟ್ಟುತ್ತೆ. ಅವನ ಕಡೆ ಆ್ಯಪ್ ಬೇಡ, ನೆಟ್ ಬೇಡ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ನಾನೂ 999ರ ಪ್ಯಾಕ್ ಹಾಕಿಸಿದೆ.

ಮೊದಲ ಕಾಲ್ ತಮ್ಮ ಕಟ್ ಮಾಡಿದ. ಎರಡನೆಯದೂ ಕಟ್. ಮೂರನೆಯದಕ್ಕೆ ನಂಬರನ್ನೇ ಬ್ಲಾಕ್ ಮಾಡಿದ. ಯಾಕೆಂದರೆ ಅವನ ಸ್ಕ್ರೀನ್ ಮೇಲೆ ನನ್ನ ನಂಬರ್ ಬರುತ್ತಿರಲಿಲ್ಲ, ಯಾವುದೋ ದೇಶದ ಕೋಡ್ ಬರುತ್ತಿತ್ತು. ಗುರುತಿಲ್ಲದ ನಂಬರ್ ಎತ್ತಬೇಡಿ, ಎಲ್ಲಾ ಮೋಸದ ಕಾಲ್ ಅಂತ ಅವನ ಕಂಪನಿಯಲ್ಲಿ ಮೊದಲ ದಿನವೇ ಹೇಳಿದ್ದರಂತೆ. ಮುಂದಿನ ಸಲ ಬೇರೆ ಕೋಡ್. ಅದರ ಮುಂದಿನ ಸಲ ಮತ್ತೊಂದು. ಕೊನೆಗೆ ಒಂದು ಪದ್ಧತಿ ಮಾಡಿಕೊಂಡೆವು. ಮೊದಲು ವಾಟ್ಸಾಪ್‌ನಲ್ಲಿ “ಈಗ ಬರೋದು ನಂದೇ, ಎತ್ತು” ಅಂತ ಮೆಸೇಜ್, ಆಮೇಲೆ ದುಡ್ಡಿನ ಆ್ಯಪ್‌ನಿಂದ ಕಾಲ್. ಪುಕ್ಕಟೆ ಮೆಸೇಜ್ ಕಳಿಸಿ ದುಡ್ಡಿನ ಕಾಲ್‌ಗೆ ದಾರಿ ಮಾಡಿಕೊಡುವುದು! ಮೂರ್ನಾಲ್ಕು ಸಲ ಹೀಗೆ ಮಾಡಿದ ಮೇಲೆ ನನಗೇ ನಗು ಬಂತು.

ಇಷ್ಟಾದರೂ ಸಹಿಸಬಹುದಿತ್ತು. ಲೆಕ್ಕದ ವಿಷಯ ಕೇಳಿ. ಒಂದು ನಿಮಿಷ ಐದು ಸೆಕೆಂಡ್ ಮಾತಾಡಿದರೆ ಎರಡು ನಿಮಿಷ ಹೋಯಿತು. ನಾನು ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸತರಲ್ಲಿ ಸ್ಟೇಷನ್ ಹತ್ತಿರದ ಎಸ್‌ಟಿಡಿ ಬೂತ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಕ್ಯೂ ನಿಲ್ಲುತ್ತಿದ್ದೆವು, ಆಗ ಕಾಲು ರೇಟು ಅಂತ. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಅಂಕಿ ಓಡುವುದನ್ನೇ ನೋಡುತ್ತಾ ಮಾತಾಡಿದ್ದು ಅಮ್ಮನಿಗೆ ಎಷ್ಟು ಕೇಳಿಸಿತೋ. ಮೂವತ್ತು ವರ್ಷದ ಹತ್ತಿರ ಆದಮೇಲೆ ಮತ್ತೆ ಅದೇ ಮೀಟರ್ ನೋಡುತ್ತಾ ಕೂತೆ. ಆದರೆ ಬೂತ್‌ನವನು ಉಳಿದ ಚಿಲ್ಲರೆ ವಾಪಸ್ ಕೊಡುತ್ತಿದ್ದ. ಇಲ್ಲಿ 28 ದಿನ ಮುಗಿದ ಬೆಳಗ್ಗೆ ನೋಡಿದರೆ ಉಳಿದ ನಿಮಿಷವೆಲ್ಲ ಸೊನ್ನೆ. ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಇಮೇಲ್ ಮಾಡಿದೆ. “ನಿಮ್ಮ ಅಭಿಪ್ರಾಯ ನಮಗೆ ಮುಖ್ಯ” ಅಂತ ಉತ್ತರ ಬಂತು. ಅಷ್ಟೇ.

ಇನ್ನು ಬೋಟಿಮ್, ಇದೂ ಕಾಲ್ ಮಾಡುವ ಆ್ಯಪ್. ಇದಕ್ಕೆ ಯುಎಇಯಲ್ಲಿ ಅನುಮತಿ ಇದೆ, ಅಲ್ಲಿ ಎಲ್ಲರ ಫೋನಿನಲ್ಲೂ ಇದೆ. ಕೆಲವು ವರ್ಷಗಳ ಹಿಂದೆ ಇದರಲ್ಲಿ ಮಾತಾಡೋಕೆ ಅಲ್ಲಿನವರು ತಿಂಗಳಿಗೆ 50 ದಿರ್ಹಮ್‌ನ ಬೇರೆ ಪ್ಯಾಕ್ ಹಾಕಿಸಬೇಕಿತ್ತು. ತಮ್ಮನಿಗೆ ಈಗ ಬೇರೆ ದುಡ್ಡು ಬೀಳುತ್ತಿಲ್ಲ. ನಮ್ಮಿಬ್ಬರ ನಡುವೆ ಕಾಲ್ ಚೆನ್ನಾಗಿಯೇ ಬರುತ್ತೆ, ದನಿ ಸ್ಪಷ್ಟ. ಆ್ಯಪ್ ತೆರೆದರೆ ದುಡ್ಡು ಕಳಿಸಿ, ಬಿಲ್ ಕಟ್ಟಿ ಅಂತ ನೂರೆಂಟು ಇರುತ್ತೆ, ಅದನ್ನು ನೋಡದ ಹಾಗೆ ಇದ್ದರಾಯಿತು.

ತೊಂದರೆ ಅಮ್ಮನದು. ಅವಳಿಗೆ ಗೊತ್ತಿರುವುದು ಒಂದೇ, ಹಸಿರು ಗುರುತು. ಹಾಗಾಗಿ ಶುರುವಿನಲ್ಲಿ ನಾನೊಂದು ಉಪಾಯ ಮಾಡಿದೆ. ಅಡಿಗೆಮನೆ ಕಟ್ಟೆಯ ಮೇಲೆ ಅಕ್ಕಿ ಡಬ್ಬಕ್ಕೆ ನನ್ನ ಫೋನ್ ಒರಗಿಸಿ ಬೋಟಿಮ್‌ನಲ್ಲಿ ತಮ್ಮ. ಅದರ ಎದುರಿಗೆ ಗಂಡನ ಫೋನ್, ಅದರಲ್ಲಿ ವಾಟ್ಸಾಪ್ ಮೇಲೆ ಅಮ್ಮ. ಎರಡಕ್ಕೂ ಸ್ಪೀಕರ್. ಅಮ್ಮ “ಮಗಾ” ಅಂದರೆ ಶಾರ್ಜಾಕ್ಕೆ ಹೋಗಿ, ಅಲ್ಲಿಂದ ತಿರುಗಿ ಬಂದು ಅವಳ ಕಿವಿಗೇ “ಮಗಾ” ಅಂತ ಬೀಳುತ್ತಿತ್ತು. ಫೋನ್ ಒಂದು ಗೇಣು ಹತ್ತಿರ ತಂದರೆ ಕುಂಯ್ಯೋ ಅನ್ನುವ ಸದ್ದು. ದೂರ ಇಟ್ಟರೆ ಯಾರಿಗೂ ಏನೂ ಕೇಳದು. ನಡುವೆ ಕುಕ್ಕರ್ ಸೀಟಿ. ಆದರೂ ಮೂರು ವಾರ ಹೀಗೇ ನಡೆಸಿದೆವು.

ಚೌತಿಗೆ ಊರಿಗೆ ಹೋಗುವುದಿತ್ತು. ಥಾಣೆಯಲ್ಲಿ ಮತ್ಸ್ಯಗಂಧ ಹತ್ತಿ ಬೆಳಗ್ಗೆ ಕುಂದಾಪುರದಲ್ಲಿ ಇಳಿದೆ. ಮೊದಲ ಕೆಲಸ ಅಮ್ಮನ ಫೋನಿಗೆ ಬೋಟಿಮ್ ಹಾಕುವುದು ಅಂತ ಕೂತೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ, ಎರಡು ದಿನ ಹಿಡಿಯಿತು.

ನಂಬರ್ ಹಾಕಿದೆ, ಒಟಿಪಿ ಬರಲಿಲ್ಲ. ಮತ್ತೆ ಹಾಕಿದೆ, ಬರಲಿಲ್ಲ. ನೆಟ್‌ವರ್ಕ್ ಇಲ್ಲವೇನೋ ಅಂತ ಅಂಗಳಕ್ಕೆ, ಅಲ್ಲಿಂದ ತೋಟದ ದಣಪೆಯವರೆಗೆ ಹೋಗಿ ನಿಂತೆ. ಆಮೇಲೆ ಗೊತ್ತಾಯಿತು, ಆ ಸಿಮ್‌ಗೆ ರೀಚಾರ್ಜ್ ಮುಗಿದು ಎರಡು ತಿಂಗಳ ಮೇಲಾಗಿತ್ತು! ಅಮ್ಮನನ್ನು ಕೇಳಿದರೆ, “ಮನೆಗೆ ವೈಫೈ ಉಂಟಲ್ಲ, ವಾಟ್ಸಾಪ್ ಬರುತ್ತದೆ. ರೀಚಾರ್ಜ್ ಎಂತಕ್ಕೆ?” ತಪ್ಪು ಹೇಳಲಿಲ್ಲ ಅವಳು. ಆಗ ವಾಟ್ಸಾಪ್‌ಗೆ ಸಿಮ್ ಬೇಕಾಗುತ್ತಿದ್ದದ್ದು ಶುರುವಿನಲ್ಲಿ ಒಂದು ಸಲ. ಆಮೇಲೆ ಸಿಮ್ ಸತ್ತಿದ್ದರೂ ವೈಫೈನಲ್ಲಿ ಅದು ಓಡುತ್ತಲೇ ಇರುತ್ತಿತ್ತು. ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತೇ ಆಗಿರಲಿಲ್ಲ.

ಇದನ್ನು ನಾನು ಇಷ್ಟು ಎಳೆಯುತ್ತಿರುವುದಕ್ಕೆ ಕಾರಣ ಇದೆ. 90 ದಿನ ಬಳಕೆ ಇಲ್ಲದ ನಂಬರನ್ನು ಕಂಪನಿ ಬಂದ್ ಮಾಡಬಹುದು, ಆಮೇಲೆ ಅದೇ ನಂಬರ್ ಬೇರೆ ಯಾರಿಗೋ ಹೋಗಬಹುದು. ಆ ಪುಣ್ಯಾತ್ಮ ತನ್ನ ಫೋನಿನಲ್ಲಿ ಆ ನಂಬರ್ ಹಾಕಿ ವಾಟ್ಸಾಪ್ ಶುರು ಮಾಡಿದ ದಿನ ಅಮ್ಮನ ವಾಟ್ಸಾಪ್ ಹೊರಗೆ ಬೀಳುತ್ತೆ. ಬ್ಯಾಂಕಿನ ಮೆಸೇಜ್, ಗ್ಯಾಸ್ ಬುಕಿಂಗ್ ಎಲ್ಲ ಅದೇ ನಂಬರಿಗೆ. ನಾವು ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಏನಾಗುತ್ತಿತ್ತೋ. ಪುಕ್ಕಟೆ ಕಾಲ್ ಅನ್ನುತ್ತೇವೆ, ಅದಕ್ಕೂ ಬಾಡಿಗೆ ಇದೆ. ಅದು ಸಿಮ್‌ನ ರೀಚಾರ್ಜ್.

ಒಂದು ಸಮಾಧಾನ ಅಂದರೆ ವೈಫೈ ಇರುವ ಮನೆಯವರು ಡೇಟಾ ಪ್ಯಾಕ್ ಹಾಕಿಸಬೇಕಿಲ್ಲ. ಡೇಟಾ ಇಲ್ಲದೆ ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ಹೇಳಿದೆ, 365 ದಿನದವರೆಗಿನದೂ ಸಿಗುತ್ತೆ. ಪೇಟೆಯ ಅಂಗಡಿಯವನು ಮೊದಲು ತೋರಿಸಿದ್ದು ದಿನಕ್ಕೆ ಎರಡು ಜಿಬಿ ಇರುವ ದುಬಾರಿ ಪ್ಯಾಕ್. ಡೇಟಾ ಇಲ್ಲದ್ದು ಕೊಡಿ ಅಂತ ಬಾಯಿಬಿಟ್ಟು ಕೇಳಬೇಕಾಯಿತು.

ಅಂತೂ ಒಟಿಪಿ ಬಂತು, ಬೋಟಿಮ್ ಕೂತಿತು. ನಾನು ಡೊಂಬಿವಲಿಗೆ ಬಂದ ವಾರದಲ್ಲೇ ತಮ್ಮನ ಫೋನ್: “ಅಕ್ಕ, ನಾಲ್ಕು ಸಲ ಮಾಡಿದೆ, ಅಮ್ಮ ಎತ್ತಲಿಲ್ಲ.” ರಿಂಗ್ ಆದ ಕೂಡಲೇ ಅಮ್ಮ ವಾಟ್ಸಾಪ್ ತೆರೆದು ಅಲ್ಲಿ ಹುಡುಕುತ್ತಿದ್ದಳಂತೆ. ಎಪ್ಪತ್ತೆರಡು ವರ್ಷದವಳಿಗೆ ಎರಡನೇ ಆ್ಯಪ್ ಕಲಿಸುವ ಹಟ ಅಲ್ಲಿಗೆ ಬಿಟ್ಟೆ.

ಗೂಗಲ್ ಮೀಟ್ ಗೆದ್ದದ್ದು ಇದೇ ಕಾರಣಕ್ಕೆ. ಯುಎಇಯಲ್ಲಿ ಅದಕ್ಕೂ ಅನುಮತಿ ಇದೆ. ಅಮ್ಮ ಹೊಸದೇನೂ ಕಲಿಯಬೇಕಿಲ್ಲ, ನಾನು ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕುತ್ತೇನೆ, ಅವಳು ಅದರ ಮೇಲೆ ಬೆರಳಿಡುತ್ತಾಳೆ. ಭಾನುವಾರ ನಮಗೆ ರಾತ್ರಿ ಎಂಟೂವರೆ, ತಮ್ಮನಿಗೆ ಏಳು. ಮೊದಲ ಭಾನುವಾರ ಇಪ್ಪತ್ತು ನಿಮಿಷ ನಾವಿಬ್ಬರೂ ಊರಮನೆಯ ಫ್ಯಾನ್ ನೋಡಿದೆವು, ಫೋನ್ ಮೇಜಿನ ಮೇಲೆ ಅಂಗಾತ ಮಲಗಿತ್ತು. ಈಗ ಅಭ್ಯಾಸವಾಗಿದೆ. ಮೂರು ಜನ ಇದ್ದರೆ ಪುಕ್ಕಟೆ ಖಾತೆಯಲ್ಲಿ 60 ನಿಮಿಷಕ್ಕೆ ಮುಗಿಯುತ್ತೆ. ಜಾಗದ ತಕರಾರಿನ ಮಾತು ಶುರುವಾಗುವುದು ಸಾಮಾನ್ಯವಾಗಿ ಐವತ್ತನೇ ನಿಮಿಷಕ್ಕೆ, ಹಾಗಾಗಿ ಈ ಮಿತಿಯ ಬಗ್ಗೆ ನನ್ನದೇನೂ ದೂರಿಲ್ಲ.

ಜೂಮ್: ಪುಕ್ಕಟೆಯಲ್ಲಿ 40 ನಿಮಿಷ. ಮೀಟ್ ಇರುವಾಗ ಬೇಕಾಗಲಿಲ್ಲ.

ಸಿಗ್ನಲ್: ಗುಟ್ಟು ಕಾಯೋಕೆ ಒಳ್ಳೆಯದು. ನಮ್ಮ ಮನೆಯ ಗುಟ್ಟು ಊರಿಗೆಲ್ಲ ಗೊತ್ತು.

ಅರಟ್ಟೈ: ತಮಿಳುನಾಡಿನ ಜೋಹೋ ಕಂಪನಿಯದು. ಹೆಸರು ಕೇಳಿಯೇ ಇಷ್ಟವಾಯಿತು, ನಮ್ಮ ‘ಹರಟೆ’ಯೇ ಅಲ್ಲವಾ ಅದು. ಹಾಕಿಕೊಂಡೆ. ಹರಟೋಕೆ ನನ್ನ ಕಡೆಯವರು ಯಾರೂ ಅಲ್ಲಿ ಇರಲಿಲ್ಲ.

ಸ್ಕೈಪ್ ನೆನಪು ಮಾಡಿಕೊಳ್ಳುವವರಿಗೆ: 2025ರ ಮೇ 5ಕ್ಕೆ ಅದು ಮುಚ್ಚಿತು. ಇಂಡಿಯಾದೊಳಗೆ ಮೊಬೈಲಿಗೆ, ಲ್ಯಾಂಡ್‌ಲೈನಿಗೆ ಅದರಿಂದ ಮಾಡುವ ಕಾಲ್ 2014ರ ನವೆಂಬರ್‌ನಲ್ಲೇ ನಿಂತಿತ್ತು.

ಡೇಟಾ ಉಳಿಸಬೇಕು ಅನ್ನುವವರು ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’ಕ್ಕೆ ಹೋಗಿ, ಕಾಲ್‌ಗೆ ಕಡಿಮೆ ಡೇಟಾ ಬಳಸುವ ಬಟನ್ ಆನ್ ಮಾಡಿ. ಯಾವುದಕ್ಕೆ ಎಷ್ಟು ಖರ್ಚಾಯಿತು ಅನ್ನುವ ಲೆಕ್ಕವೂ ಅಲ್ಲೇ ಇರುತ್ತೆ. ನನ್ನದರಲ್ಲಿ ಜಾಸ್ತಿ ತಿಂದಿದ್ದು ಕಾಲ್ ಅಲ್ಲವೇ ಅಲ್ಲ, ಗ್ರೂಪುಗಳ ಗುಡ್ ಮಾರ್ನಿಂಗ್ ವಿಡಿಯೋ.

ಈಗ ವಾಯ್ಸ್ ಮೆಸೇಜ್ ಮಾತು. ನಾನು ದಿನಾ ಡೊಂಬಿವಲಿಯಿಂದ ದಾದರ್‌ಗೆ ಹೋಗುವವಳು. ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಾದಲ್ಲಿ ನಿಲ್ಲೋಕೆ ಜಾಗ ಸಿಕ್ಕರೆ ದೊಡ್ಡದು, ಅಲ್ಲಿ ಕಾಲ್ ಎಲ್ಲಿ ಮಾಡುವುದು? ಮಾಡಿದರೂ ಮುಂಬ್ರಾ ದಾಟುವಾಗ ಕಟ್. ವಾಯ್ಸ್ ಮೆಸೇಜ್‌ಗೆ ಇದಾವುದೂ ಇಲ್ಲ. ನೆಟ್ ಇಲ್ಲದಿದ್ದರೆ ಗಡಿಯಾರದ ಗುರುತು ತೋರಿಸುತ್ತಾ ಕಾಯುತ್ತೆ, ಥಾಣೆ ಬಂದ ಮೇಲೆ ತಾನೇ ಹೋಗುತ್ತೆ. ತಮ್ಮನಿಗೆ ಡ್ಯೂಟಿ ಇದ್ದರೆ ಆಮೇಲೆ ಕೇಳುತ್ತಾನೆ. ಒಂದೂವರೆ ಗಂಟೆಯ ವ್ಯತ್ಯಾಸದ ತಲೆಬಿಸಿಯೂ ಇಲ್ಲ.

ಅಮ್ಮನಿಗೆ ಮೊದಮೊದಲು ಕಷ್ಟವಾಯಿತು. ಬೆರಳು ಒತ್ತಿ ಹಿಡಿದಲ್ಲೇ ಇರಬೇಕು, ಎಡಕ್ಕೆ ಜಾರಿದರೆ ಹೇಳಿದ್ದೆಲ್ಲ ಹೋಯಿತು. ತೋಟದ ಕೆಲಸ ಮಾಡಿ ಒರಟಾದ ಬೆರಳು, ಜಾರದೆ ಇರುತ್ತದಾ? ಬೆರಳನ್ನು ಮೇಲಕ್ಕೆ ಎಳೆದರೆ ಬೀಗ ಬೀಳುತ್ತೆ, ಆಮೇಲೆ ಕೈ ಬಿಟ್ಟು ಮಾತಾಡಬಹುದು ಅಂತ ಪಕ್ಕದ ಮನೆಯ ಹುಡುಗಿ ತೋರಿಸಿಕೊಟ್ಟಳು. ಅಲ್ಲಿಂದ ಅವಳನ್ನು ಹಿಡಿಯುವವರಿಲ್ಲ. ಹೋದ ವಾರ ತಮ್ಮನಿಗೆ ಬಂಗುಡೆ ಸಾರು ಮಾಡುವುದು ಹೇಗೆ ಅಂತ ಆರೂವರೆ ನಿಮಿಷದ ಮೆಸೇಜ್. ನಡುವೆ ಕೋಳಿ ಓಡಿಸಿದ್ದು, ಯಾರೋ ಬಂದು ಕತ್ತಿ ಕೇಳಿದ್ದು, “ಹುಳಿ ಆಮೇಲೆ ಹಾಕು, ಈಗ ಅಲ್ಲ” ಅಂತ ಗದರಿದ್ದು ಎಲ್ಲಾ ಅದರಲ್ಲೇ. ತಮ್ಮ ಅದನ್ನು ಒಲೆ ಪಕ್ಕ ಇಟ್ಟುಕೊಂಡು ನಿಲ್ಲಿಸಿ ನಿಲ್ಲಿಸಿ ಕೇಳುತ್ತಾ ಸಾರು ಮಾಡಿದನಂತೆ. ನಾನು ಲೋಕಲ್‌ನಲ್ಲಿ ಒಂದೂವರೆ ಸ್ಪೀಡಿನಲ್ಲಿ ಕೇಳಿದೆ.

ನಿಮ್ಮ ಮನೆಯಲ್ಲಿ ಎಲ್ಲರೂ ಹೊಸ ಆ್ಯಪ್ ಕಲಿಯುವವರಾದರೆ, ಮುಖ ನೋಡದೆ ಮಾತಾಡಿದ ಹಾಗೇ ಆಗುವುದಿಲ್ಲ ಅನ್ನುವವರಾದರೆ, ಯುಎಇಗೆ ಬೋಟಿಮ್ ಒಂದೇ ಸಾಕು. ನನಗೆ ದಿನಕ್ಕೆ ವಾಯ್ಸ್ ಮೆಸೇಜ್, ಭಾನುವಾರಕ್ಕೆ ಮೀಟ್, ಅವಸರಕ್ಕೆ ತಮ್ಮನ ಜೊತೆ ಬೋಟಿಮ್. ಖರ್ಚು ಅಂತ ಇರುವುದು ಅಮ್ಮನ ಸಿಮ್ ಒಂದೇ. ಅದರ ತಾರೀಕನ್ನು ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇನೆ.

999ರ ಆ್ಯಪ್ ತೆಗೆದು ಹಾಕಿದ್ದೇನೆ. ಆದರೂ ವಾರಕ್ಕೊಂದು ಆಫರ್ ಬರುತ್ತಲೇ ಇದೆ. ಬರುವುದು ವಾಟ್ಸಾಪ್‌ನಲ್ಲಿ.