ನಕ್ಷೆಯ ಟೇಬಲ್‌ಗಳಿಗೆ ಡೇಟಾಗ್ರಿಡ್‌ವ್ಯೂ ಸಾಕಾ?

ಜಿಯೋಪ್ಯಾಕೇಜ್ (ನಕ್ಷೆಯ ಡೇಟಾ ಇಡುವ ಒಂದು ಫೈಲ್ ಬಗೆ) ಫೈಲ್‌ಗಳಲ್ಲಿರುವ ರಸ್ತೆ, ಕೆರೆ, ಕಟ್ಟಡಗಳ ವಿವರ ತಿದ್ದೋಕೆ ನಮ್ಮ ಟೀಮಿಗೆ ಒಂದು ಚಿಕ್ಕ ಡೆಸ್ಕ್‌ಟಾಪ್ ಆ್ಯಪ್ ಬೇಕಿತ್ತು. ಅದನ್ನು ವಿಂಡೋಸ್ ಫಾರ್ಮ್ಸ್‌ನ (ಮೈಕ್ರೋಸಾಫ್ಟ್ ಡಾಟ್‌ನೆಟ್‌ನಲ್ಲಿ ಡೆಸ್ಕ್‌ಟಾಪ್ ಆ್ಯಪ್ ಕಟ್ಟುವ ಸಾಧನ) ಡೇಟಾಗ್ರಿಡ್‌ವ್ಯೂ, ಅಂದರೆ ಟೇಬಲ್ ತೋರಿಸಿ ತಿದ್ದಲು ಬಿಡುವ ಗ್ರಿಡ್, ಇಟ್ಟುಕೊಂಡು ಮಾಡಿದೆ. 2005ರಲ್ಲಿ ಡಾಟ್‌ನೆಟ್ 2.0 ಜೊತೆ ಬಂದ ಗ್ರಿಡ್ ಇದು. ಹಳೇದು ನಿಜ, ಆದರೆ ಇಷ್ಟು ಕಡಿಮೆ ಕೋಡ್‌ನಲ್ಲಿ ಟೇಬಲ್ ತೋರಿಸುವ ಬೇರೊಂದು ನನಗಂತೂ ಸಿಕ್ಕಿಲ್ಲ.

ಜಿಯೋಪ್ಯಾಕೇಜ್ ಅಂದರೆ ಒಳಗಿರುವುದು ಎಸ್‌ಕ್ಯೂಲೈಟ್, ಅಂದರೆ ಒಂದೇ ಫೈಲಿನಲ್ಲಿರುವ ಡೇಟಾಬೇಸ್. ಟೇಬಲನ್ನು ಓದಿ ಡೇಟಾಟೇಬಲ್‌ಗೆ (ಮೆಮೊರಿಯಲ್ಲಿರುವ ಟೇಬಲ್) ತುಂಬಿ, ನಡುವೆ ಡೇಟಾವನ್ನೂ ಗ್ರಿಡ್ಡನ್ನೂ ಜೋಡಿಸುವ ಒಂದು ಬೈಂಡಿಂಗ್‌ಸೋರ್ಸ್ ಇಟ್ಟು ಗ್ರಿಡ್‌ಗೆ ಕೊಟ್ಟರೆ ಆಯ್ತು. ಕಾಲಂಗಳು ತಾವಾಗಿಯೇ ಮೂಡುತ್ತವೆ, ಹೆಡರ್ ಒತ್ತಿದರೆ ಸಾರ್ಟ್ ಆಗುತ್ತದೆ, ಫಿಲ್ಟರ್‌ಗೆ ಒಂದೇ ಸಾಲು ಸಾಕು. ಡೇಟಾಟೇಬಲ್ ಬಿಟ್ಟು ಬೈಂಡಿಂಗ್‌ಲಿಸ್ಟ್ (ಆಬ್ಜೆಕ್ಟ್‌ಗಳ ಪಟ್ಟಿ) ಬಳಸಿದರೆ ಸಾರ್ಟೂ ಇಲ್ಲ, ಫಿಲ್ಟರೂ ಇಲ್ಲ. ಅವನ್ನು ನಾವೇ ಬರೆಯಬೇಕು.

ತಕರಾರು ಶುರುವಾಗುವುದು ಜ್ಯಾಮಿತಿ ಕಾಲಂನಿಂದ, ಅಂದರೆ ರಸ್ತೆ ಕೆರೆಗಳ ಆಕಾರ ಇರುವ ಕಾಲಂನಿಂದ. ಅದು ಡೇಟಾಬೇಸ್‌ನಿಂದ ಬೈಟ್ ಅರೇ (ಬರೀ ಬೈಟ್‌ಗಳ ಸಾಲು) ಆಗಿ ಬರುತ್ತದೆ. ಬೈಟ್ ಅರೇ ಕಂಡ ಕೂಡಲೇ ಗ್ರಿಡ್ ಅದನ್ನು ಫೋಟೋ ಅಂದುಕೊಂಡು ಚಿತ್ರದ ಕಾಲಂ ಮಾಡಿಬಿಡುತ್ತದೆ! ರಸ್ತೆಯ ತಿರುವುಗಳನ್ನು ಫೋಟೋ ಅಂತ ಬಿಡಿಸಲು ಹೋಗಿ ಸೋಲುತ್ತದೆ, ಎರರ್ ಬಾಕ್ಸ್ ಮೇಲೆ ಎರರ್ ಬಾಕ್ಸ್. ಗ್ರಿಡ್ ಮೇಲೆ ಸಿಟ್ಟಾಗಿ ಏನು ಬಂತು? ನಕ್ಷೆ ಅನ್ನೋದೊಂದು ಇದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಡೇಟಾಬೇಸ್‌ನಿಂದ ಸೆಲೆಕ್ಟ್ ಮಾಡಿ ಓದುವಾಗಲೇ ಜ್ಯಾಮಿತಿಯನ್ನು ಬಿಟ್ಟುಬಿಡಿ, ಮೆಮೊರಿಯೂ ಉಳಿಯುತ್ತದೆ.

ನನಗೆ ತುಂಬಾ ಇಷ್ಟವಾಗಿದ್ದು ಕೋಡ್‌ಗಳನ್ನು ತೋರಿಸುವ ರೀತಿ. ರಸ್ತೆಯ ಮೇಲ್ಮೈಗೆ ಟೇಬಲಿನಲ್ಲಿ 1, 2, 3 ಅಂತ ಇರುತ್ತದೆ, ಓದುವವರಿಗೆ ಬೇಕಿರುವುದು ಡಾಂಬರು, ಕಾಂಕ್ರೀಟು, ಮಣ್ಣು. ಕಾಂಬೊಬಾಕ್ಸ್ (ಪಟ್ಟಿಯಿಂದ ಆರಿಸುವ) ಕಾಲಂ ಹಾಕಿ, ಯಾವುದನ್ನು ತೋರಿಸಬೇಕು ಯಾವುದನ್ನು ಉಳಿಸಬೇಕು ಅಂತ ಹೇಳಿದರೆ ಮುಗಿಯಿತು. ಫೈಲಿನಲ್ಲಿ ಸ್ಕೀಮಾ ಎಕ್ಸ್‌ಟೆನ್ಷನ್ (ಕಾಲಂಗಳ ವಿವರ ಬರೆದಿಡುವ ಜಿಯೋಪ್ಯಾಕೇಜ್ ಸೌಲಭ್ಯ) ಬಳಸಿದ್ದರೆ ಈ ಪಟ್ಟಿಯನ್ನು ಅಲ್ಲಿಂದಲೇ ಓದಬಹುದು, ಆ್ಯಪ್‌ನಲ್ಲಿ ಬರೆದಿಡುವ ಗೋಜಿಲ್ಲ. ಆದರೆ ಪಟ್ಟಿಯಲ್ಲಿಲ್ಲದ 9 ಅಂತ ಯಾರೋ ಹಾಕಿದ್ದರೆ ಗ್ರಿಡ್ ರಗಳೆ ಮಾಡುತ್ತದೆ. ಆಗ ಗ್ರಿಡ್ ಕೊಡುವ ಡೇಟಾಎರರ್ ಇವೆಂಟನ್ನು (ಸೂಚನೆ) ಕೋಡ್‌ನಲ್ಲಿ ಹಿಡಿಯಲೇಬೇಕು. ಇನ್ನೊಂದು, ಈ ಕಾಲಂ ಹೆಡರ್ ಒತ್ತಿದರೆ ಸಾರ್ಟ್ ಆಗಲ್ಲ. ಸೆಟ್ಟಿಂಗ್ ಬದಲಿಸಿದ ಮೇಲೂ ಕೋಡ್ ಕ್ರಮದಲ್ಲೇ ಜೋಡಿಸುತ್ತದೆ, ಅಕ್ಷರ ಕ್ರಮದಲ್ಲಲ್ಲ.

ನಕ್ಷೆ ಜೊತೆ ಹೊಂದಿಸುವುದು ಅಂದುಕೊಂಡಷ್ಟು ಕಷ್ಟವಿಲ್ಲ. ಸಾಲು ಬದಲಾದಾಗ ಬೈಂಡಿಂಗ್‌ಸೋರ್ಸ್ ಒಂದು ಇವೆಂಟ್ ಕೊಡುತ್ತದೆ. ಅಲ್ಲಿ ಐಡಿ ತೆಗೆದುಕೊಂಡು ನಕ್ಷೆಯಲ್ಲಿ ಆ ರಸ್ತೆಗೆ ಬಣ್ಣ ಹಚ್ಚಿದರಾಯಿತು. ನಕ್ಷೆಯಲ್ಲಿ ಒತ್ತಿದಾಗ ಐಡಿ ಹುಡುಕಿ ಗ್ರಿಡ್‌ನ ಸಾಲಿಗೆ ಹೋಗಬಹುದು. ಎರಡೂ ಕಡೆ ಜೋಡಿಸುವಾಗ ನಡುವೆ ಒಂದು ಫ್ಲ್ಯಾಗ್ ಇಡಿ, ಇಲ್ಲದಿದ್ದರೆ ಇದು ಅದನ್ನು ಕರೆದು, ಅದು ಇದನ್ನು ಕರೆದು ನಕ್ಷೆ ಸುಮ್ನೆ ಕುಣಿಯುತ್ತದೆ.

ಸೇವ್ ಬಟನ್ ಟೂಲ್‌ಸ್ಟ್ರಿಪ್‌ನಲ್ಲಿ (ಮೇಲಿನ ಬಟನ್ ಪಟ್ಟಿ) ಇದ್ದರೆ ಹುಷಾರು. ಅದನ್ನು ಒತ್ತಿದಾಗ ಗ್ರಿಡ್‌ನಿಂದ ಫೋಕಸ್ ಹೋಗುವುದಿಲ್ಲ, ಹಾಗಾಗಿ ಕೊನೆಗೆ ಟೈಪ್ ಮಾಡಿದ್ದು ಡೇಟಾಟೇಬಲ್‌ಗೆ ಸೇರದೆ ಹೊರಗೇ ಉಳಿಯಬಹುದು. ಸೇವ್‌ಗೆ ಮೊದಲು ವ್ಯಾಲಿಡೇಟ್, ಎಂಡ್‌ಎಡಿಟ್ ಎರಡನ್ನೂ ಕರೆಯಿರಿ.

ಇನ್ನೊಂದು ತೊಡಕು, ಹೊಸ ಸಾಲು ಸೇರಿಸುವಾಗಲೂ ಇರುವ ಸಾಲು ತಿದ್ದುವಾಗಲೂ ಬರುವಂಥದ್ದು. ಟೇಬಲಿಗೆ ಆರ್‌ಟ್ರೀ ಇಂಡೆಕ್ಸ್ (ಜಾಗದ ಪ್ರಕಾರ ಬೇಗ ಹುಡುಕಲು) ಇದ್ದರೆ ಅದರ ಟ್ರಿಗರ್‌ಗಳು, ಅಂದರೆ ಸಾಲು ಬದಲಾದಾಗ ತಾವಾಗಿಯೇ ಓಡುವ ಕೋಡ್, ಜ್ಯಾಮಿತಿ ಫಂಕ್ಷನ್‌ಗಳನ್ನು ಕರೆಯುತ್ತವೆ. ಬರೀ ಎಸ್‌ಕ್ಯೂಲೈಟ್‌ನಲ್ಲಿ ಅವು ಇಲ್ಲ, ಆದ್ದರಿಂದ ಸೇವ್ ಆಗದೆ ನಿಲ್ಲುತ್ತದೆ. ಆ ಫಂಕ್ಷನ್‌ಗಳನ್ನು ಸೇರಿಸುವ ಸ್ಪೇಷಿಯಲೈಟ್‌ನಂಥದ್ದನ್ನು ಲೋಡ್ ಮಾಡಿಕೊಳ್ಳಬೇಕು. ಟೇಬಲ್ ತುಂಬಾ ದೊಡ್ಡದಾದರೆ ಈ ಬೈಂಡಿಂಗ್ ಬಿಟ್ಟು ವರ್ಚುವಲ್ ಮೋಡ್‌ಗೆ ಹೋಗಿ, ಕಾಣುವ ಸಾಲುಗಳನ್ನಷ್ಟೇ ಓದಬಹುದು. ಆಗ ಬರೆಯೋ ಕೋಡ್ ಜಾಸ್ತಿ.

ಇಷ್ಟೆಲ್ಲಾ ಯಾಕೆ, ನಕ್ಷೆ ಕೆಲಸದ ಉಚಿತ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಇದೆಲ್ಲ ಸಿದ್ಧವಾಗಿಯೇ ಇದೆ ಅಲ್ವಾ ಅಂತ ಕೇಳಬಹುದು. ಇದೆ. ನಕ್ಷೆಯ ಕೆಲಸ ಬಲ್ಲವರು ಅದನ್ನೇ ಬಳಸಲಿ. ಆದರೆ ನಾಲ್ಕು ಕಾಲಂ ತಿದ್ದಿದರೆ ಸಾಕು ಅನ್ನುವವರ ಕೈಗೆ ಅಷ್ಟು ಬಟನ್‌ಗಳನ್ನು ಕೊಡಲು ನನಗೆ ಮನಸ್ಸಿಲ್ಲ. ಇರುವ ಸಾಲುಗಳನ್ನು ನೋಡಿ ತಿದ್ದುವುದಕ್ಕೆ ಈ ಗ್ರಿಡ್‌ಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಹೊಸ ಜಾಗಗಳನ್ನೂ ಸೇರಿಸಬೇಕು ಅಂದರೆ ಎರಡೂವರೆ.