‘ಮುಂದಿನ ವಾರವೇ ಮಾಡಿಬಿಡೋಣ’ ಅಂದರೆ ಅಲ್ಲಿಂದ ಎದ್ದು ಬನ್ನಿ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಬೇಕು ಅಂತಿರುವವರು, ಅದರಲ್ಲೂ ಎಲ್ಲಿ ಬೇಗ ಡೇಟ್ ಸಿಗುತ್ತದೆ ಅಂತ ಹುಡುಕುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಆಪರೇಷನ್ ಬೇಡ ಅಂತ ಹೇಳುತ್ತಿಲ್ಲ. ಅದು ಒಳ್ಳೆಯ ಚಿಕಿತ್ಸೆ, ಕೊನೆಗೆ ನನಗೂ ಅದರಿಂದಲೇ ಒಳ್ಳೆಯದಾಗಿದೆ. ಆದರೆ ನಾನು ಅವಸರ ಮಾಡಿದೆ. ಮೊದಲ ಸಲ ಆ ಆಸ್ಪತ್ರೆಯ ಬಾಗಿಲು ತುಳಿದ ದಿನದಿಂದ ಆಪರೇಷನ್ ಟೇಬಲ್ ಮೇಲೆ ಮಲಗುವವರೆಗೆ ಬರೀ 11 ದಿನ. ಅದನ್ನು ಸರಿಮಾಡಿಕೊಳ್ಳೋಕೆ ಎರಡು ವರ್ಷ ಹಿಡಿಯಿತು.

ಆಗ ನನಗೆ 38 ವರ್ಷ. ತೂಕ 112 ಕೆಜಿ, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 43. ಸಕ್ಕರೆ ಕಾಯಿಲೆ ಶುರುವಾಗಿತ್ತು, ಮೆಟ್ಟಿಲು ಹತ್ತಿದರೆ ಮೊಣಕಾಲು ಹಿಡಿದುಕೊಳ್ಳುತ್ತಿತ್ತು, ರಾತ್ರಿ ನನ್ನ ಗೊರಕೆಗೆ ಮನೆಯವರಿಗೆ ನಿದ್ದೆ ಇರಲಿಲ್ಲ. ಆಪರೇಷನ್‌ಗೆ ನಾನು ಅರ್ಹಳೇ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಹಳೆಯ 1991ರ ನಿಯಮದ ಪ್ರಕಾರ ಬಿಎಂಐ 40 ಇದ್ದರೆ ಸಾಕು, ಬೇರೆ ಕಾಯಿಲೆ ಇದ್ದರೆ 35. 2022ರಲ್ಲಿ ಸರ್ಜನ್‌ಗಳ ಸಂಘಗಳು ಅದನ್ನೂ ಸಡಿಲಿಸಿ, ಬೇರೆ ಕಾಯಿಲೆ ಇಲ್ಲದಿದ್ದರೂ 35ಕ್ಕೆ ಇಳಿಸಿವೆ. ಆದರೆ ಅರ್ಹತೆ ಇರುವುದು ಬೇರೆ, ತಯಾರಾಗಿರುವುದು ಬೇರೆ. ಇದು ನನಗೆ ಆಗ ಗೊತ್ತಿರಲಿಲ್ಲ.

ನಾನು ಮೊದಲು ತೋರಿಸಿದ್ದು ಬೇರೆ ಡಾಕ್ಟರ್‌ಗೆ. ಅವರು ಮುಕ್ಕಾಲು ಗಂಟೆ ಮಾತಾಡಿದರು. ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಬಿಟ್ಟು ಹೊಟ್ಟೆಯೊಳಗೆ ನೋಡುವುದು), ನಿದ್ದೆಯ ಪರೀಕ್ಷೆ, ರಕ್ತದಲ್ಲಿ ವಿಟಮಿನ್ ಮತ್ತು ಕಬ್ಬಿಣದ ಮಟ್ಟ, ಡಯೆಟಿಷಿಯನ್ ಹತ್ತಿರ ನಾಲ್ಕು ಸಲ, ಕೌನ್ಸೆಲರ್ ಹತ್ತಿರ ಎರಡು ಸಲ, ಎಲ್ಲ ಬರೆದುಕೊಟ್ಟು ನಾಲ್ಕು ತಿಂಗಳು ಆಗುತ್ತದೆ ಅಂದರು. ‘ನೋಡಿ ಅಮ್ಮಾ, ನಿಮ್ಮ ಎದೆಯುರಿ ಯಾಕೆ ಅಂತ ಒಳಗೆ ನೋಡದೆ, ಯಾವ ಆಪರೇಷನ್ ನಿಮಗೆ ಸರಿ ಅಂತ ನಾನು ಹೇಳೋಕಾಗಲ್ಲ’ ಅಂದರು. ನನಗೆ ಕೇಳಿಸಿದ್ದು ‘ನಾಲ್ಕು ತಿಂಗಳು’ ಒಂದೇ. ಹೊರಗೆ ಬಂದು ಕಾರಿನಲ್ಲಿ ಅತ್ತೆ. ಹದಿನೈದು ವರ್ಷ ಡಯೆಟ್ ಮಾಡಿ ಸೋತು, ಕೊನೆಗೆ ಧೈರ್ಯ ಮಾಡಿ ಬಂದರೆ ಇಲ್ಲೂ ಕಾಯಿಸುತ್ತಾರಲ್ಲ ಅಂತ ಸಿಟ್ಟು ಬಂತು. ದಪ್ಪ ಇರುವವರನ್ನು ಎಲ್ಲರೂ ಪರೀಕ್ಷೆ ಮಾಡುತ್ತಲೇ ಇರುತ್ತಾರೆ ಅನಿಸಿತು. ಈ ಸಿಟ್ಟು ಎಷ್ಟೋ ಜನರಿಗೆ ಬರುತ್ತದೆ, ತಪ್ಪೇನಿಲ್ಲ. ಆದರೆ ಸಿಟ್ಟಿನಲ್ಲಿ ಇನ್ನೊಂದು ಕಡೆ ಫೋನ್ ಮಾಡಬೇಡಿ. ನಾನು ಅದೇ ಸಂಜೆ ಮಾಡಿದೆ.

ಅಲ್ಲಿ ಫೋನ್ ಎತ್ತಿದ ಹುಡುಗಿ, ‘ಮೇಡಂ, ಮುಂದಿನ ವಾರ ಒಂದು ಸ್ಲಾಟ್ ಖಾಲಿ ಇದೆ, ಈ ತಿಂಗಳೊಳಗೆ ಮಾಡಿಸಿದರೆ ರಿಯಾಯಿತಿನೂ ಇದೆ’ ಅಂದಳು. ನನಗೆ ದೇವರೇ ಸಿಕ್ಕ ಹಾಗಾಯಿತು. ಸರ್ಜನ್ ಸಿಕ್ಕಿದ್ದು ಹತ್ತು ನಿಮಿಷ. ಸ್ಲೀವ್ ಮಾಡೋಣ, ಸುಲಭ, ಮೂರನೇ ದಿನ ಮನೆಗೆ ಹೋಗಬಹುದು ಅಂದರು. ಒಂದು ಫಾರ್ಮ್ ಕೊಟ್ಟರು. ‘ಎದೆಯುರಿ ಇದೆಯೇ’ ಅನ್ನುವ ಕಡೆ ನಾನು ‘ಕೆಲವೊಮ್ಮೆ’ ಅಂತ ಗುರುತು ಹಾಕಿದೆ. ನಿಜ ಏನೆಂದರೆ ಆರು ವರ್ಷದಿಂದ ಎರಡು ದಿಂಬು ಇಟ್ಟುಕೊಂಡೇ ಮಲಗುತ್ತಿದ್ದೆ, ರಾತ್ರಿ ಹುಳಿ ಗಂಟಲಿಗೆ ಬಂದು ಎದ್ದು ಕೂರುತ್ತಿದ್ದೆ. ಜಾಸ್ತಿ ಹೇಳಿದರೆ ಮುಂದೂಡಿಬಿಟ್ಟಾರು ಅಂತ ಮುಚ್ಚಿಟ್ಟೆ. ಅವರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಎಂಡೋಸ್ಕೋಪಿ ‘ಬೇಕಿದ್ದರೆ ಮಾಡಿಸಿ’ ಅಂತಿತ್ತು. ಬೇಡ ಅಂದೆ.

ಇದು ಯಾಕೆ ದೊಡ್ಡ ವಿಷಯ ಅಂತ ಹೇಳುತ್ತೇನೆ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕೂ ಹೆಚ್ಚು, ಸುಮಾರು ಶೇ 75ರಿಂದ 80ರಷ್ಟು, ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ತೆಗೆದದ್ದನ್ನು ಮತ್ತೆ ಜೋಡಿಸೋಕೆ ಆಗಲ್ಲ. ಆ ಸಣ್ಣ ಕೊಳವೆಯಲ್ಲಿ ಒತ್ತಡ ಜಾಸ್ತಿ, ಹಾಗಾಗಿ ಆಮ್ಲ ಮೇಲಕ್ಕೆ ನುಗ್ಗುವುದು ಸುಲಭ. ಮೊದಲೇ ಎದೆಯುರಿ ಜೋರಾಗಿ ಇದ್ದವರಿಗೆ ಸ್ಲೀವ್ ಆದ ಮೇಲೆ ಅದು ಇನ್ನೂ ಕೆಡಬಹುದು. ಅಂಥವರಿಗೆ ಸಾಮಾನ್ಯವಾಗಿ ಬೈಪಾಸ್ ಒಳ್ಳೆಯದು ಅಂತ ಹೇಳುತ್ತಾರೆ. ಇದು ಹೃದಯದ ಬೈಪಾಸ್ ಅಲ್ಲ, ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್. ಮೊದಲನೆಯ ಡಾಕ್ಟರ್ ಎಂಡೋಸ್ಕೋಪಿ ಕೇಳಿದ್ದು ಇದಕ್ಕೇ.

ಆಮೇಲೆ ಲಿವರ್ ಡಯೆಟ್. ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಎರಡು ವಾರ, ದಿನಕ್ಕೆ 800ರಿಂದ 1000 ಕ್ಯಾಲರಿ, ಹಿಟ್ಟು-ಸಕ್ಕರೆ ಕಡಿಮೆ, ಪ್ರೋಟೀನ್ ಜಾಸ್ತಿ ಇರುವ ಊಟ ಕೊಡುತ್ತಾರೆ. ತೂಕ ಇಳಿಯಲಿ ಅಂತಲ್ಲ ಅದು. ನಮ್ಮಂಥವರ ಲಿವರ್ ಕೊಬ್ಬು ತುಂಬಿ ಊದಿರುತ್ತದೆ, ಅದರ ಎಡಭಾಗ ಹೊಟ್ಟೆಯ ಮೇಲೆಯೇ ಬಿದ್ದಿರುತ್ತದೆ. ಸರ್ಜನ್ ಅದನ್ನು ಎತ್ತಿ ಹಿಡಿದು ಅದರ ಕೆಳಗೆ ಕೆಲಸ ಮಾಡಬೇಕು. ಎರಡು ವಾರದ ಪಥ್ಯಕ್ಕೆ ಲಿವರ್ ಕುಗ್ಗಿ ಮೆತ್ತಗಾಗುತ್ತದೆ. ನನಗೆ ಐದು ದಿನ ಮಾಡಿ ಸಾಕು ಅಂದಿದ್ದರು. ಆ ಐದು ದಿನದಲ್ಲಿ ಎರಡು ದಿನ, ಇನ್ನು ಮೇಲೆ ಇದೆಲ್ಲ ತಿನ್ನೋಕಾಗಲ್ಲ ಅಂತ ಹೊಟ್ಟೆ ಬಿರಿಯುವಷ್ಟು ತಿಂದೆ. ಯಾರಿಗೂ ಹೇಳಲಿಲ್ಲ. ಆಪರೇಷನ್ ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ಹೊತ್ತು ಹಿಡಿಯಿತಂತೆ, ಲಿವರ್‌ನಿಂದ ರಕ್ತ ಬಂತಂತೆ. ‘ನಿಮ್ಮ ಲಿವರ್ ತುಂಬಾ ದೊಡ್ಡದಿತ್ತು’ ಅಂತ ಮಾರನೇ ದಿನ ಹೇಳಿದರು. ಕೆಲವೊಮ್ಮೆ ಲಿವರ್ ದೊಡ್ಡದಿದೆ ಅಂತ ಏನೂ ಮಾಡದೆ ಹೊಲಿಗೆ ಹಾಕಿ ವಾಪಸ್ ಕಳಿಸುವುದೂ ಉಂಟು. ಹಾಗೆ ಆಗಿದ್ದರೇ ಒಳ್ಳೆಯದಿತ್ತೇನೋ ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮನೆಗೆ ಬಂದೆ. ಹತ್ತನೇ ದಿನದಿಂದ ವಾಂತಿ ಶುರುವಾಯಿತು.

ಈ ಭಾಗ ದಯವಿಟ್ಟು ನಿಧಾನವಾಗಿ ಓದಿ. ಎರಡು ಚಮಚ ಹೊಟ್ಟೆಗೆ ಹೋದರೆ ಒಂದು ಚಮಚ ವಾಪಸ್ ಬರುತ್ತಿತ್ತು. ಹೊಟ್ಟೆ ಚಿಕ್ಕದಾಗಿದೆಯಲ್ಲ, ಹೀಗೇ ಇರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿ ಇತ್ತು, ಯಾಕೆಂದರೆ ಬೆಳಿಗ್ಗೆ ತಕ್ಕಡಿ ಹತ್ತಿದರೆ ದಿನಾ ಅರ್ಧ ಕೆಜಿ ಇಳಿದಿರುತ್ತಿತ್ತು. ಫೋನ್ ಮಾಡಿದಾಗ ‘ನಿಧಾನವಾಗಿ ತಿನ್ನಿ ಮೇಡಂ, ಸರಿಹೋಗುತ್ತೆ’ ಅಂದರು. ವಿಟಮಿನ್ ಮಾತ್ರೆ ನುಂಗಿದರೆ ಅದೂ ಬರುತ್ತಿತ್ತು, ಬಿಟ್ಟುಬಿಟ್ಟೆ. ನಾಲ್ಕು ವಾರ ಹೀಗೇ ಕಳೆಯಿತು.

ಆರನೇ ವಾರದಲ್ಲಿ ಪಾದ ಜೋಮು ಹಿಡಿಯತೊಡಗಿತು. ಕೂತು ಕೂತು ಹಾಗಾಗಿದೆ ಅಂದುಕೊಂಡೆ. ನನ್ನನ್ನು ನೋಡಲು ಬಂದ ಅಕ್ಕ ಬಾಗಿಲಲ್ಲೇ ನಿಂತು, ‘ಯಾಕೇ, ಗೋಡೆ ಹಿಡಿದುಕೊಂಡು ನಡೀತಿದ್ದೀಯ?’ ಅಂದಳು. ನಾನು ಗೋಡೆ ಹಿಡಿದಿದ್ದೇ ನನಗೆ ಗೊತ್ತಿರಲಿಲ್ಲ. ಅವತ್ತು ರಾತ್ರಿ ಎದುರಿನ ಗೋಡೆಯ ಗಡಿಯಾರ ನೋಡಿದರೆ ಎರಡು ಗಡಿಯಾರ ಕಂಡವು, ಒಂದರ ಪಕ್ಕ ಇನ್ನೊಂದು, ಸ್ವಲ್ಪ ಮೇಲೆ. ಒಂದು ಕಣ್ಣು ಮುಚ್ಚಿದರೆ ಒಂದೇ ಆಗುತ್ತಿತ್ತು. ಅಕ್ಕ ಏನು ವಾರ ಅಂತ ಕೇಳಿದಳಂತೆ, ನಾನು ಏನೋ ಹೇಳಿದೆನಂತೆ, ನನಗೆ ನೆನಪಿಲ್ಲ.

ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದರು. ನೀರಿನಂಶ ಕಡಿಮೆ ಆಗಿದೆ ಅಂತ ಒಬ್ಬರು ಗ್ಲೂಕೋಸ್ ಬಾಟಲಿ ಹಾಕಲು ತಂದರು. ಅಕ್ಕ ಬಿಡದೆ ‘ಇವಳಿಗೆ ಹೊಟ್ಟೆ ಆಪರೇಷನ್ ಆಗಿದೆ, ನಾಲ್ಕು ವಾರದಿಂದ ವಾಂತಿ’ ಅಂತ ಹೇಳುತ್ತಲೇ ಇದ್ದಳು. ಅದನ್ನು ಕೇಳಿಸಿಕೊಂಡ ಡ್ಯೂಟಿ ಡಾಕ್ಟರ್ ಬಾಟಲಿ ತಡೆದು, ಮೊದಲು ರಕ್ತನಾಳಕ್ಕೆ ಥಯಾಮಿನ್ ಕೊಡಿಸಿದರು. ಥಯಾಮಿನ್ ಅಂದರೆ ವಿಟಮಿನ್ ಬಿ1. ನಮ್ಮ ದೇಹದಲ್ಲಿ ಅದರ ದಾಸ್ತಾನು ಎರಡು-ಮೂರು ವಾರಕ್ಕೆ ಸಾಲುವಷ್ಟು ಮಾತ್ರ. ಅದು ಬರಿದಾದರೆ ನರಗಳಿಗೂ ಮಿದುಳಿಗೂ ಪೆಟ್ಟು ಬೀಳುತ್ತದೆ: ಕಣ್ಣು ಎರಡೆರಡು ಕಾಣುವುದು, ನಡಿಗೆ ತಪ್ಪುವುದು, ಗೊಂದಲ. ಇದಕ್ಕೆ ವರ್ನಿಕೆ ಎನ್ಸೆಫಲೋಪತಿ ಅಂತ ಹೆಸರು. ಬಿ1 ಇಲ್ಲದ ದೇಹಕ್ಕೆ ಮೊದಲೇ ಗ್ಲೂಕೋಸ್ ಹೋದರೆ ಅದು ಇನ್ನೂ ಕೆಡಬಹುದು. ತಡವಾದರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟಾಗುವುದೂ ಇದೆ. ನನ್ನ ಕಣ್ಣು ಕೆಲವೇ ದಿನದಲ್ಲಿ ಸರಿಯಾಯಿತು. ಕಾಲಿಗೆ ತಿಂಗಳುಗಳು ಬೇಕಾದವು.

ಆಪರೇಷನ್ ಆಗಿರುವ ಯಾರಾದರೂ ಇದನ್ನು ಓದುತ್ತಿದ್ದು, ವಾಂತಿ ಎರಡು-ಮೂರು ದಿನ ದಾಟಿದ್ದರೆ, ದಯವಿಟ್ಟು ಇವತ್ತೇ ಹೋಗಿ ತೋರಿಸಿ. ‘ನನಗೆ ಬ್ಯಾರಿಯಾಟ್ರಿಕ್ ಸರ್ಜರಿ (ತೂಕ ಇಳಿಸುವ ಆಪರೇಷನ್) ಆಗಿದೆ, ಬಿ1 ಬೇಕಾಗಬಹುದು’ ಅಂತ ಬಾಯಿಬಿಟ್ಟು ಹೇಳಿ. ಮೊದಲ ದಿನಗಳಲ್ಲಿ ಎದೆಬಡಿತ ಇಳಿಯದೆ 120ರ ಮೇಲೇ ಇದ್ದರೆ, ಜ್ವರ, ಉಸಿರಾಟಕ್ಕೆ ಕಷ್ಟ, ಹೊಟ್ಟೆನೋವು ಏರುತ್ತಾ ಹೋದರೆ ಬೆಳಗಾಗಲಿ ಅಂತಲೂ ಕಾಯಬೇಡಿ. ಹೊಲಿಗೆಯ ಜಾಗದಲ್ಲಿ ಸೋರಿಕೆ ಇರಬಹುದು, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿರಬಹುದು.

ಆಸ್ಪತ್ರೆಯಲ್ಲಿ ಇನ್ನೊಂದು ಗೊತ್ತಾಯಿತು. ನನ್ನ ವಿಟಮಿನ್ ಡಿ, ಕಬ್ಬಿಣದಂಶ ಎರಡೂ ನೆಲ ಕಚ್ಚಿದ್ದವು. ಆರು ವಾರದಲ್ಲಿ ಅಷ್ಟು ಇಳಿಯುವುದಿಲ್ಲ, ಆಪರೇಷನ್‌ಗೆ ಮುಂಚೆಯೇ ಕಡಿಮೆ ಇದ್ದಿರಬೇಕು ಅಂದರು. ದಪ್ಪ ಇರುವವರಿಗೆ ಹೊಟ್ಟೆ ತುಂಬಿದ್ದರೂ ವಿಟಮಿನ್ ಕೊರತೆ ಇರುವುದು ಸಾಮಾನ್ಯವಂತೆ. ಮುಂಚೆ ನೋಡಿದ್ದರೆ ತಾನೇ ಗೊತ್ತಾಗುವುದು? ಮೂರನೇ ತಿಂಗಳಿಗೆ ಕೂದಲು ಕೈ ತುಂಬಾ ಬರುತ್ತಿತ್ತು. ತೂಕ ವೇಗವಾಗಿ ಇಳಿದಾಗ ಎಷ್ಟೋ ಜನರಿಗೆ ಹಾಗಾಗುತ್ತದೆ, ಮತ್ತೆ ಬರುತ್ತದೆ. ಆದರೆ ಹಾಗಾಗುತ್ತದೆ ಅಂತ ಯಾರೂ ಹೇಳಿರಲಿಲ್ಲವಾದ್ದರಿಂದ ಸಾಯುತ್ತೇನೆ ಅಂತಲೇ ಅಂದುಕೊಂಡಿದ್ದೆ.

ಕೌನ್ಸೆಲಿಂಗ್ ಬಗ್ಗೆಯೂ ಒಂದು ಮಾತು. ನನಗೆ ಹುಚ್ಚಾ, ಯಾಕೆ ಹೋಗಬೇಕು ಅಂದುಕೊಂಡಿದ್ದೆ. ನಾನು ಬೇಜಾರಾದಾಗಲೆಲ್ಲ ರಾತ್ರಿ ಒಬ್ಬಳೇ ಕೂತು ತಿನ್ನುತ್ತಿದ್ದವಳು. ಆಪರೇಷನ್ ಹೊಟ್ಟೆಯನ್ನು ಚಿಕ್ಕದು ಮಾಡಿತು, ಬೇಜಾರನ್ನಲ್ಲ. ಸಮಾಧಾನಕ್ಕೆ ಇದ್ದ ಒಂದೇ ದಾರಿ ಮುಚ್ಚಿಹೋದಾಗ ನಾನು ಎಷ್ಟು ಒಂಟಿಯಾದೆ ಅಂತ ಹೇಳೋಕಾಗಲ್ಲ. ಕೆಲವರು ಈ ಜಾಗಕ್ಕೆ ಕುಡಿತ ತಂದುಕೊಳ್ಳುತ್ತಾರೆ, ಅದೂ ಆಪರೇಷನ್ ಆದ ದೇಹಕ್ಕೆ ಮದ್ಯ ಬೇಗ, ಜಾಸ್ತಿ ಏರುತ್ತದೆ. ಇದನ್ನೆಲ್ಲ ಮೊದಲೇ ಒಬ್ಬರ ಎದುರು ಕೂತು ಮಾತಾಡಿಕೊಳ್ಳಬೇಕಿತ್ತು.

ಎದೆಯುರಿ ಮಾತ್ರ ಬಿಡಲೇ ಇಲ್ಲ. ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುವ ಸ್ಥಿತಿ ಬಂತು. ಹದಿನಾಲ್ಕು ತಿಂಗಳಾದ ಮೇಲೆ ತಲೆ ತಗ್ಗಿಸಿಕೊಂಡು ಮೊದಲನೆಯ ಡಾಕ್ಟರ್ ಹತ್ತಿರವೇ ಹೋದೆ. ಅವರು ಒಂದು ಮಾತೂ ಬೈಯಲಿಲ್ಲ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಕೆಳಗೆಲ್ಲ ಹುಣ್ಣು. ಹೊಟ್ಟೆಯ ಮೇಲ್ಭಾಗ ಎದೆಯೊಳಗೆ ಜಾರಿತ್ತು. ಸ್ಲೀವ್ ಅನ್ನು ಬೈಪಾಸ್ ಆಗಿ ಬದಲಾಯಿಸಬೇಕು, ನಾಲ್ಕು ತಿಂಗಳು ತಯಾರಿ ಅಂದರು. ಈ ಸಲ ಸರಿ ಅಂದೆ.

ಆ ನಾಲ್ಕು ತಿಂಗಳಲ್ಲಿ ಏನು ಮಾಡಿಸಿದರು ಗೊತ್ತಾ? ಮೊದಲ ವಾರ ಬರೀ ಅಗಿಯುವುದು. ಪ್ರತಿ ತುತ್ತು ಗಂಜಿಯಂತೆ ಆಗುವವರೆಗೆ ಅಗಿದು, ಚಮಚ ಕೆಳಗಿಟ್ಟು, ಆಮೇಲೆ ಇನ್ನೊಂದು ತುತ್ತು. ಊಟದ ಜೊತೆ ನೀರು ಇಲ್ಲ, ಊಟವಾಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯುವುದು. ಸುಮ್ನೆ ಕೇಳಿದರೆ ಸುಲಭ ಅನಿಸುತ್ತದೆ ಅಲ್ವಾ, ನನಗೆ ಅಭ್ಯಾಸ ಆಗೋಕೆ ಆರು ವಾರ ಬೇಕಾಯಿತು. ದಿನಕ್ಕೆ 60 ಗ್ರಾಂಗಿಂತ ಕಡಿಮೆಯಾಗದಂತೆ ಪ್ರೋಟೀನ್ ಲೆಕ್ಕ ಹಾಕಿ ತಿನ್ನುವುದು ಕಲಿತೆ. ವಿಟಮಿನ್, ಕಬ್ಬಿಣ ಮೇಲಕ್ಕೆ ತಂದರು. ನಿದ್ದೆಯ ಪರೀಕ್ಷೆಯಲ್ಲಿ ರಾತ್ರಿ ಉಸಿರು ನಿಂತು ನಿಂತು ಹೋಗುತ್ತಿದೆ ಅಂತ ಗೊತ್ತಾಯಿತು. ಮೊದಲ ಸಲ ಇದು ಗೊತ್ತಿಲ್ಲದೆಯೇ ಅರಿವಳಿಕೆ ಕೊಟ್ಟಿದ್ದರು, ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಸಿಗರೇಟು ಸೇದುವವರು ಕನಿಷ್ಠ ಆರು ವಾರ ಮುಂಚೆ ಬಿಡಲೇಬೇಕು. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಬೈಪಾಸ್ ಆದವರಿಗೆ ಹುಣ್ಣು ತರಬಹುದು, ಮೊಣಕಾಲು ನೋವಿಗೆ ಬೇರೆ ದಾರಿ ಮೊದಲೇ ಕೇಳಿಕೊಳ್ಳಿ. ಸಕ್ಕರೆ, ಬಿಪಿ ಮಾತ್ರೆಗಳ ಡೋಸ್ ಆಪರೇಷನ್ ಆದ ಕೂಡಲೇ ಬದಲಾಗುತ್ತದೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತಲೂ ಕೇಳಿ. ಮಗು ಬೇಕು ಅನ್ನುವವರು ಒಂದರಿಂದ ಒಂದೂವರೆ ವರ್ಷ ಕಾಯಬೇಕಾಗುತ್ತದೆ.

ಕೊನೆಯ ಎರಡು ವಾರ ಲಿವರ್ ಡಯೆಟ್ ಒಂದು ತುತ್ತೂ ತಪ್ಪಿಸಲಿಲ್ಲ. ಮನೆಯವರೂ ನನ್ನ ಎದುರು ತಿನ್ನಲಿಲ್ಲ.

ಡಾಕ್ಟರ್ ನೋಡಲು ಹೋಗುವಾಗ ಇಷ್ಟು ಮಾತ್ರ ಕೇಳಿ: ಯಾವ ಆಪರೇಷನ್, ನನಗೆ ಅದೇ ಯಾಕೆ? ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಫೋನ್ ಎತ್ತುವವರು ಯಾರು? ಒಂದು ವರ್ಷದ ನಂತರ ನನ್ನ ರಕ್ತಪರೀಕ್ಷೆ ಯಾರು ನೋಡುತ್ತಾರೆ? ಇದಕ್ಕೆ ಉತ್ತರ ಕೊಡದೆ ಡೇಟ್ ಕೊಡುವ ಕಡೆ ಕೂರಬೇಡಿ. ನೀವೂ ಏನನ್ನೂ ಮುಚ್ಚಿಡಬೇಡಿ, ನಾನು ‘ಕೆಲವೊಮ್ಮೆ’ ಅಂತ ಬರೆದ ಹಾಗೆ ಬರೆಯಬೇಡಿ.

ಬೈಪಾಸ್ ಆಗಿ ಈಗ ಏಳು ತಿಂಗಳು. ತೂಕ 74 ಕೆಜಿ. ಒಂದೇ ದಿಂಬಿನಲ್ಲಿ ಮಲಗುತ್ತೇನೆ. ಎಡಗಾಲಿನ ಎರಡು ಬೆರಳಿಗೆ ಮಾತ್ರ ಇನ್ನೂ ಸ್ಪರ್ಶ ಬಂದಿಲ್ಲ, ಬರುತ್ತದೋ ಇಲ್ಲವೋ ಹೇಳೋಕಾಗಲ್ಲ ಅಂದಿದ್ದಾರೆ. ಹೊರಗೆ ಹೊರಡುವಾಗ ಆ ಕಾಲಿಗೆ ಚಪ್ಪಲಿ ಸರಿಯಾಗಿ ಸಿಕ್ಕಿದೆಯಾ ಅಂತ ಬಗ್ಗಿ ನೋಡಿಕೊಂಡೇ ಹೆಜ್ಜೆ ಇಡುತ್ತೇನೆ.